ಐಟಿ ವಿಭಾಗದ ಖರ್ಚು ಐಟಿ ವಿಭಾಗದ ಕೈಗೆ: ಎಲ್ಲಿಂದ ಶುರು ಮಾಡಬೇಕು?

ಐಟಿ ಖರ್ಚಿನ ಬಗ್ಗೆ ಬರೆದಾಗಲೆಲ್ಲ ಓದುಗರು ಕೇಳುವುದು ಹೆಚ್ಚುಕಮ್ಮಿ ಇದನ್ನೇ. "ನಮ್ಮ ಕಂಪನಿಯಲ್ಲಿ ಒಂದು ಹಾರ್ಡ್ ಡಿಸ್ಕ್ ತರಿಸಬೇಕಾದರೂ ಫೈನಾನ್ಸ್‌ನವರ ಸಹಿಗೆ ಕಾಯಬೇಕು. ಖರ್ಚಿನ ಅಧಿಕಾರವನ್ನು ಐಟಿಯವರಿಗೇ ಕೊಡಬಹುದಾ? ಕೊಟ್ಟರೆ ಕೈಮೀರಿ ಹೋಗುವುದಿಲ್ಲವಾ?" ಕೆಲವರು ಐಟಿ ಕಡೆಯಿಂದ ಕೇಳುತ್ತಾರೆ, ಕೆಲವರು ಫೈನಾನ್ಸ್ ಕಡೆಯಿಂದ. ಇಬ್ಬರಿಗೂ ಉಪಯೋಗವಾಗುವ ಹಾಗೆ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಸಮಸ್ಯೆ ಎಲ್ಲಿದೆ ನೋಡೋಣ. ಎಷ್ಟೋ ಕಂಪನಿಗಳಲ್ಲಿ ಸರ್ವರ್ ಆನ್ ಮಾಡುವವರು ಒಬ್ಬರು, ಬಿಲ್ಲು ನೋಡುವವರು ಇನ್ನೊಬ್ಬರು, ಸಹಿ ಹಾಕುವವರು ಮತ್ತೊಬ್ಬರು. ಆನ್ ಮಾಡಿದವರಿಗೆ ಅದರ ಬೆಲೆ ಗೊತ್ತಿರುವುದಿಲ್ಲ. ಬಿಲ್ಲು ನೋಡಿದವರಿಗೆ ಆ ಸರ್ವರ್ ಯಾಕೆ ಬೇಕು ಅನ್ನುವುದು ಗೊತ್ತಿರುವುದಿಲ್ಲ. ಸಹಿ ಹಾಕುವವರ ಮೇಜಿಗೆ ಬರುವುದು ಬರೀ ಒಂದು ಮೊತ್ತ. ಅವರು ಅನುಮಾನ ಬಂದರೆ ತಡೆಯುತ್ತಾರೆ, ಇಲ್ಲದಿದ್ದರೆ ಸಹಿ ಹಾಕುತ್ತಾರೆ. ಅವರಿಗೆ ಬೇರೆ ದಾರಿಯೂ ಇಲ್ಲ. ಈ ಮೂರನ್ನೂ ಒಂದು ಕಡೆ ತರುವುದೇ ನಾವು ಮಾಡಬೇಕಾದ ಕೆಲಸ. ಸಹಿ ಹಾಕುವ ಅಧಿಕಾರವನ್ನಷ್ಟೇ ಐಟಿಗೆ ದಾಟಿಸಿ ಬಿಲ್ಲನ್ನು ಅವರಿಗೆ ತೋರಿಸದೇ ಇದ್ದರೆ ಏನೂ ಬದಲಾಗುವುದಿಲ್ಲ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದವು ಇಷ್ಟು. ಹಿಂದಿನ 12 ತಿಂಗಳ ಐಟಿ ಬಿಲ್ಲುಗಳು. ಎಲ್ಲಾ ವೆಂಡರ್‌ಗಳ ಜೊತೆಗಿನ ಒಪ್ಪಂದಗಳು, ಅವು ಮುಗಿಯುವ ತಾರೀಖಿನ ಸಮೇತ. ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್‌ಗಳ, ಖಾತೆಗಳ ಬಿಲ್ಲಿಂಗ್ ಪುಟ ನೋಡುವ ಅನುಮತಿ. ಫೈನಾನ್ಸ್ ವಿಭಾಗದಿಂದ ಒಬ್ಬರು, ವಾರಕ್ಕೆ ಒಂದೆರಡು ಗಂಟೆಯಾದರೂ ನಿಮ್ಮ ಜೊತೆ ಕೂರುವಂಥವರು. ಕೊನೆಯದು ಇಲ್ಲದಿದ್ದರೆ ದಯವಿಟ್ಟು ಮುಂದೆ ಹೋಗಬೇಡಿ. ಫೈನಾನ್ಸ್‌ನವರನ್ನು ಹೊರಗಿಟ್ಟು ಮಾಡಿದ ಲೆಕ್ಕವನ್ನು ಫೈನಾನ್ಸ್‌ನವರು ನಂಬುವುದಿಲ್ಲ.

ಹಂತ 1: ದುಡ್ಡು ಎಲ್ಲಿಗೆ ಹೋಗುತ್ತಿದೆ, ಪೂರ್ತಿ ನೋಡಿ

12 ತಿಂಗಳ ಬಿಲ್ಲುಗಳನ್ನೆಲ್ಲ ಒಂದೇ ಸ್ಪ್ರೆಡ್‌ಶೀಟಿಗೆ ಹಾಕಿ. ಪ್ರತಿ ಸಾಲಿನಲ್ಲಿ ಐದು ವಿಷಯ ಸಾಕು: ಯಾವ ವೆಂಡರ್, ಏನಕ್ಕೆ, ಎಷ್ಟು, ಯಾರು ಬಳಸುತ್ತಾರೆ, ಒಪ್ಪಂದ ಯಾವತ್ತು ಮುಗಿಯುತ್ತದೆ. "ಯಾರು ಬಳಸುತ್ತಾರೆ" ಅನ್ನುವ ಕಾಲಂ ತುಂಬಿಸುವುದೇ ಕಷ್ಟ. ಅಲ್ಲಿ ಖಾಲಿ ಉಳಿದ ಸಾಲುಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿಡಿ. ಮೊದಲ ಉಳಿತಾಯ ಬಹುತೇಕ ಅಲ್ಲಿಂದಲೇ ಬರುತ್ತದೆ.

ಐಟಿ ವಿಭಾಗದ ಹೆಸರಿನಲ್ಲಿ ಬಂದ ಬಿಲ್ಲುಗಳಷ್ಟೇ ನೋಡಿದರೆ ಅರ್ಧ ಚಿತ್ರ ಸಿಗುತ್ತದೆ. ಮಾರ್ಕೆಟಿಂಗ್‌ನವರು ತಮ್ಮ ಕಾರ್ಡಿನಲ್ಲಿ ಒಂದು ಡಿಸೈನ್ ಸಾಫ್ಟ್‌ವೇರಿಗೆ ತಿಂಗಳಾ ದುಡ್ಡು ಕಟ್ಟುತ್ತಿರಬಹುದು. ಮಾನವ ಸಂಪನ್ಮೂಲ ವಿಭಾಗದವರು ಸಂದರ್ಶನಕ್ಕೆಂದು ಬೇರೆಯೇ ವಿಡಿಯೋ ಸೇವೆ ತೆಗೆದುಕೊಂಡಿರಬಹುದು. ಐಟಿಗೆ ಗೊತ್ತಿಲ್ಲದೆ ನಡೆಯುವ ಇಂಥ ಖರೀದಿಗೆ ಶ್ಯಾಡೋ ಐಟಿ ಅನ್ನುತ್ತಾರೆ. ಹುಡುಕುವುದಕ್ಕೆ ಎರಡು ಜಾಗ ಇವೆ. ಒಂದು, ನೌಕರರು ಖರ್ಚು ವಾಪಸ್ ಕೇಳಿ ಕೊಟ್ಟ ಕ್ಲೇಮ್‌ಗಳು ಮತ್ತು ಕಂಪನಿ ಕಾರ್ಡುಗಳ ಸ್ಟೇಟ್‌ಮೆಂಟ್. ಇನ್ನೊಂದು, ಸಿಂಗಲ್ ಸೈನ್ ಆನ್ ದಾಖಲೆ, ಅಂದರೆ ಕಂಪನಿಯ ಒಂದೇ ಲಾಗಿನ್‌ನಿಂದ ಯಾವ್ಯಾವ ಸೇವೆಗಳಿಗೆ ಹೋಗುತ್ತಿದ್ದಾರೆ ಅನ್ನುವ ಪಟ್ಟಿ.

ಎಚ್ಚರಿಕೆ: ಶ್ಯಾಡೋ ಐಟಿ ಸಿಕ್ಕ ತಕ್ಷಣ ಜೋರು ಮಾಡಬೇಡಿ. ಒಮ್ಮೆ ಗದರಿಸಿದರೆ ಮುಂದಿನ ಸಲ ಇನ್ನೂ ಒಳಗೆ ಬಚ್ಚಿಡುತ್ತಾರೆ. ಅವರು ಯಾಕೆ ಹೊರಗೆ ಹೋದರು ಅಂತ ಕೇಳಿ. ಹೆಚ್ಚಾಗಿ ಐಟಿಯಿಂದ ಉತ್ತರ ಬರುವುದು ತಡವಾಗಿರುತ್ತದೆ, ಅಷ್ಟೇ.

ಹಂತ 2: ನಡೆಸುವ ಖರ್ಚು ಬೇರೆ, ಹೊಸ ಕೆಲಸದ ಖರ್ಚು ಬೇರೆ

ಈಗ ಇರುವುದನ್ನು ನಡೆಸಿಕೊಂಡು ಹೋಗುವುದಕ್ಕೆ ಆಗುವ ಖರ್ಚು ಒಂದು ಗುಂಪು. ಇಂಟರ್ನೆಟ್, ಇಮೇಲ್, ಲೈಸೆನ್ಸ್ ನವೀಕರಣ, ಬ್ಯಾಕಪ್ ಎಲ್ಲ ಇದರಲ್ಲಿ ಬರುತ್ತವೆ. ಹೊಸ ವ್ಯವಸ್ಥೆ ತರುವುದಕ್ಕೆ, ಇರುವುದನ್ನು ಬದಲಾಯಿಸುವುದಕ್ಕೆ ಆಗುವುದು ಇನ್ನೊಂದು ಗುಂಪು. ಮೊದಲ ಗುಂಪಿನ ಪೂರ್ತಿ ಹಿಡಿತ ಐಟಿಗೆ ಕೊಡಿ. ಎರಡನೆಯದರಲ್ಲಿ ಆ ಕೆಲಸ ಯಾರಿಗಾಗಿ ನಡೆಯುತ್ತಿದೆಯೋ ಆ ವಿಭಾಗವೂ ಜೊತೆಗೆ ಸಹಿ ಹಾಕಲಿ. ಮಾರಾಟ ವಿಭಾಗಕ್ಕೆ ಹೊಸ ಸಾಫ್ಟ್‌ವೇರ್ ಬೇಕಿದ್ದರೆ ಅದರ ಲಾಭ ಎಷ್ಟು ಅಂತ ಹೇಳಬೇಕಾದವರು ಮಾರಾಟದವರೇ, ಐಟಿಯವರಲ್ಲ.

ಇಲ್ಲಿ ಎರಡು ಪದ ತಿಳಿದಿರಬೇಕು. ಕ್ಯಾಪೆಕ್ಸ್ ಅಂದರೆ ವರ್ಷಗಟ್ಟಲೆ ಬಳಕೆಗೆ ಬರುವ ವಸ್ತು ಕೊಳ್ಳುವ ಖರ್ಚು. ಅದು ಲೆಕ್ಕದಲ್ಲಿ ಆಸ್ತಿ ಆಗುತ್ತದೆ, ವರ್ಷ ವರ್ಷ ಸ್ವಲ್ಪ ಸ್ವಲ್ಪ ಸವಕಳಿ ಎಂದು ಕಳೆಯುತ್ತದೆ. ಒಪೆಕ್ಸ್ ಅಂದರೆ ಆ ವರ್ಷವೇ ಖರ್ಚಾಗಿ ಮುಗಿಯುವ ದುಡ್ಡು: ಬಾಡಿಗೆ, ಸಬ್‌ಸ್ಕ್ರಿಪ್ಷನ್, ರಿಪೇರಿ. ಸರ್ವರ್ ಕೊಂಡರೆ ಕ್ಯಾಪೆಕ್ಸ್, ಅದೇ ಸರ್ವರನ್ನು ಕ್ಲೌಡ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡರೆ ಒಪೆಕ್ಸ್.

ತೊಂದರೆ ಆಗುವುದು ಇವೆರಡಕ್ಕೂ ಬೇರೆ ಬೇರೆ ಮಂಜೂರಾತಿ ದಾರಿ ಇದ್ದಾಗ. ಕ್ಯಾಪೆಕ್ಸ್ ಅರ್ಜಿ ತಿಂಗಳುಗಟ್ಟಲೆ ಕಾಯುತ್ತದೆ, ಒಪೆಕ್ಸ್ ನಾಳೆಯೇ ಪಾಸಾಗುತ್ತದೆ ಅಂದುಕೊಳ್ಳಿ. ಆಗ ಐದು ವರ್ಷ ಒಂದೇ ಸಮ ಓಡುವ ಕೆಲಸಕ್ಕೂ ಜನ ಬಾಡಿಗೆ ಸರ್ವರನ್ನೇ ಹಿಡಿಯುತ್ತಾರೆ, ಯಾವುದು ಅಗ್ಗ ಅಂತ ನೋಡುವುದೇ ಇಲ್ಲ. ಹಾಗಾಗಿ ಐಟಿಗೆ ಎರಡೂ ಸೇರಿಸಿ ಒಂದೇ ಮೊತ್ತ ಕೊಡಿ. ಅದರೊಳಗೆ ಎಷ್ಟು ಕೊಳ್ಳುವುದು, ಎಷ್ಟು ಬಾಡಿಗೆ ಅನ್ನುವುದನ್ನು ಅವರು ಮೂರರಿಂದ ಐದು ವರ್ಷದ ಒಟ್ಟು ಖರ್ಚು ನೋಡಿ ನಿರ್ಧರಿಸಲಿ. ಯಾವ ಖರ್ಚು ಯಾವ ತಲೆಬರಹಕ್ಕೆ ಹೋಗಬೇಕು ಅನ್ನುವುದು ಮಾತ್ರ ಫೈನಾನ್ಸ್‌ನವರ ಕೆಲಸ, ಅದರಲ್ಲಿ ಐಟಿ ಕೈ ಹಾಕಬಾರದು. ಉದಾಹರಣೆಗೆ, ಬಾಡಿಗೆ ಸಾಫ್ಟ್‌ವೇರನ್ನು ನಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳುವ ಖರ್ಚು ಹೆಚ್ಚಿನ ಸಂದರ್ಭದಲ್ಲಿ ಆಸ್ತಿ ಆಗುವುದಿಲ್ಲ ಎಂದು ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳ ವ್ಯಾಖ್ಯಾನ ಸಮಿತಿ 2021ರಲ್ಲಿ ಸ್ಪಷ್ಟಪಡಿಸಿತು. ಇಂಥ ವಿಷಯ ತಿಳಿಯದೆ ಬಜೆಟ್ ಹಾಕಿದರೆ ವರ್ಷದ ಮಧ್ಯೆ ಲೆಕ್ಕ ಬುಡಮೇಲಾಗುತ್ತದೆ.

ಹಂತ 3: ಯಾರು ಎಷ್ಟರವರೆಗೆ ಸಹಿ ಹಾಕಬಹುದು, ಬರೆದಿಡಿ

ಬಾಯಿಮಾತಿನ ಅಧಿಕಾರ ನಿಲ್ಲುವುದಿಲ್ಲ. ಒಂದೇ ಪುಟದ ಕಾಗದ ಸಾಕು, ಆದರೆ ಕಂಪನಿಯ ಮುಖ್ಯಸ್ಥರ ಸಹಿ ಅದರ ಮೇಲಿರಬೇಕು. ಅದರಲ್ಲಿ ಹೀಗಿರಲಿ: ತಂಡದ ಲೀಡ್ ಇಷ್ಟರವರೆಗೆ ಯಾರನ್ನೂ ಕೇಳದೆ ಖರ್ಚು ಮಾಡಬಹುದು. ಮ್ಯಾನೇಜರ್ ಇಷ್ಟರವರೆಗೆ. ಐಟಿ ಮುಖ್ಯಸ್ಥರು ಬಜೆಟ್ಟಿನ ಒಳಗಿದ್ದರೆ ಇಷ್ಟರವರೆಗೆ. ಅದರ ಮೇಲಿನದಕ್ಕೆ, ಮತ್ತು ಬಜೆಟ್ಟಿನಲ್ಲಿ ಇಲ್ಲದ್ದಕ್ಕೆ, ಫೈನಾನ್ಸ್ ಜೊತೆ ಸೇರಿ ಸಹಿ.

ಮಿತಿ ಎಷ್ಟಿರಬೇಕು ಅಂತ ತುಂಬಾ ಜನ ಕೇಳುತ್ತಾರೆ. ಹಂತ 1ರ ಸ್ಪ್ರೆಡ್‌ಶೀಟನ್ನೇ ಮೊತ್ತದ ಪ್ರಕಾರ ಜೋಡಿಸಿ ನೋಡಿ. ಸಾಮಾನ್ಯವಾಗಿ ಕೆಲವೇ ದೊಡ್ಡ ಬಿಲ್ಲುಗಳಲ್ಲಿ ಬಹುಪಾಲು ದುಡ್ಡು ಇರುತ್ತದೆ, ಉಳಿದದ್ದೆಲ್ಲ ಸಣ್ಣ ಪುಟ್ಟ ಬಿಲ್ಲುಗಳ ಉದ್ದನೆಯ ಬಾಲ. ಆ ಬಾಲ ಎಲ್ಲಿ ಶುರುವಾಗುತ್ತದೋ ಅಲ್ಲಿ ತಂಡದ ಲೀಡ್‌ಗಳ ಮಿತಿ ಇಡಿ. ಹಿರಿಯರ ಸಮಯವೆಲ್ಲ ಈ ಬಾಲಕ್ಕೇ ಹೋಗುತ್ತಿರುತ್ತದೆ.

ಈ ಹಂತದಲ್ಲಿ ಎಡವುವ ಕಡೆಗಳು:

ಬಿಲ್ಲು ಒಡೆಯುವುದು. ಮಿತಿ 100 ಇದ್ದರೆ 180ರ ಖರೀದಿಯನ್ನು 90ರ ಎರಡು ಆರ್ಡರ್ ಮಾಡುತ್ತಾರೆ. ಒಂದೇ ವೆಂಡರ್, ಒಂದೇ ಉದ್ದೇಶ, 90 ದಿನದ ಒಳಗೆ ಆದ ಖರೀದಿಗಳನ್ನು ಒಂದೇ ಅಂತ ಲೆಕ್ಕ ಹಾಕಲಾಗುವುದು ಎಂದು ಕಾಗದದಲ್ಲೇ ಬರೆಯಿರಿ.

ತಿಂಗಳ ಮೊತ್ತ ನೋಡಿ ಮೋಸ ಹೋಗುವುದು. ತಿಂಗಳಿಗೆ 10 ಅನ್ನುವ ಒಪ್ಪಂದ ಮೂರು ವರ್ಷದ್ದಾಗಿದ್ದರೆ ಅದು 360ರ ಖರೀದಿ. ಮಿತಿಯನ್ನು ಒಪ್ಪಂದದ ಒಟ್ಟು ಮೊತ್ತಕ್ಕೆ ಅನ್ವಯಿಸಿ. ಎಲ್ಲಕ್ಕಿಂತ ಜಾಸ್ತಿ ದುಡ್ಡು ಸೋರುವುದು ಇಲ್ಲೇ.

ಆರ್ಡರ್ ಮಾಡುವವರು, ಒಪ್ಪಿಗೆ ಕೊಡುವವರು, ವಸ್ತು ಬಂತು ಅಂತ ದೃಢಪಡಿಸುವವರು ಒಬ್ಬರೇ ಆಗುವುದು. ಸಣ್ಣ ತಂಡದಲ್ಲಿ ಮೂರು ಜನ ಸಿಗದೇ ಇರಬಹುದು, ಆದರೆ ಇಬ್ಬರಾದರೂ ಇರಲೇಬೇಕು. ಇದರಲ್ಲಿ ಯಾರ ಮೇಲೂ ಅಪನಂಬಿಕೆ ಇಲ್ಲ. ನಾಳೆ ಆಡಿಟ್‌ನವರು ಬಂದಾಗ ಐಟಿಯವರನ್ನು ಕಾಪಾಡುವುದೇ ಈ ನಿಯಮ.

ತಾನಾಗಿ ನವೀಕರಣ ಆಗುವ ಒಪ್ಪಂದಗಳು. ಎಷ್ಟೋ ಸಾಫ್ಟ್‌ವೇರ್ ಒಪ್ಪಂದಗಳಲ್ಲಿ, ಬೇಡ ಅಂತ ಮುಂಚೆಯೇ ಬರೆದು ತಿಳಿಸದಿದ್ದರೆ ಇನ್ನೊಂದು ವರ್ಷಕ್ಕೆ ತಾನೇ ಮುಂದುವರಿಯುವ ಷರತ್ತು ಇರುತ್ತದೆ. ಎಷ್ಟು ದಿನ ಮುಂಚೆ ತಿಳಿಸಬೇಕು ಅನ್ನುವುದು ಒಪ್ಪಂದದಲ್ಲೇ ಇರುತ್ತದೆ. 30, 60, 90 ದಿನ ಸಾಮಾನ್ಯ. ಕ್ಯಾಲೆಂಡರಿನಲ್ಲಿ ಒಪ್ಪಂದ ಮುಗಿಯುವ ದಿನ ಹಾಕಬೇಡಿ. ತಿಳಿಸಬೇಕಾದ ಕೊನೆಯ ದಿನಕ್ಕಿಂತ ಒಂದು ತಿಂಗಳು ಹಿಂದೆ ಹಾಕಿ. ಚೌಕಾಸಿ ಮಾಡುವುದಕ್ಕೂ ಸಮಯ ಬೇಕಲ್ವಾ?

ಹಂತ 4: ಪ್ರತಿ ಸರ್ವರಿಗೂ ಒಬ್ಬ ಯಜಮಾನ

ಕ್ಲೌಡ್ ಬಿಲ್ಲಿನಲ್ಲಿ ಸಾವಿರಾರು ಸಾಲು ಇರುತ್ತವೆ. ಯಾವ ಸಾಲು ಯಾರದು ಅಂತ ತಿಳಿಯುವುದಕ್ಕೆ ಇರುವ ದಾರಿ ಟ್ಯಾಗ್. ಪ್ರತಿ ಸರ್ವರ್, ಡಿಸ್ಕ್, ಡೇಟಾಬೇಸಿಗೆ ಅಂಟಿಸುವ ಚಿಕ್ಕ ಗುರುತುಚೀಟಿ ಅದು. ನಾಲ್ಕೇ ಟ್ಯಾಗ್‌ನಿಂದ ಶುರು ಮಾಡಿ: ತಂಡ, ಯೋಜನೆ, ಪರಿಸರ, ಹೊಣೆಗಾರ. ಪರಿಸರ ಅಂದರೆ ಇದು ಗ್ರಾಹಕರು ಬಳಸುವ ಅಸಲಿ ವ್ಯವಸ್ಥೆಯೋ, ಪರೀಕ್ಷೆಗೆ ಇಟ್ಟಿದ್ದೋ ಅನ್ನುವುದು. ಹೊಣೆಗಾರ ಅನ್ನುವ ಜಾಗದಲ್ಲಿ ಒಬ್ಬ ವ್ಯಕ್ತಿಯ ಇಮೇಲ್ ಇರಲಿ, ತಂಡದ ಹೆಸರು ಬೇಡ. ಹತ್ತು ಜನರ ಹೊಣೆ ಅಂದರೆ ಯಾರ ಹೊಣೆಯೂ ಅಲ್ಲ.

ಟ್ಯಾಗ್‌ನಲ್ಲಿ ಬರೆಯುವ ಮೌಲ್ಯಗಳ ಪಟ್ಟಿಯನ್ನು ಮೊದಲೇ ನಿಗದಿ ಮಾಡಿ. ಅಸಲಿ ವ್ಯವಸ್ಥೆಗೆ ಒಬ್ಬರು "ಪ್ರಾಡ್" ಅಂತ, ಇನ್ನೊಬ್ಬರು "ಪ್ರೊಡಕ್ಷನ್" ಅಂತ ಬರೆದರೆ ಲೆಕ್ಕದಲ್ಲಿ ಅವು ಎರಡು ಬೇರೆ ಗುಂಪು. ಅಮೆಜಾನ್ ಕ್ಲೌಡ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬದಲಾದರೂ ಬೇರೆ ಟ್ಯಾಗ್ ಆಗುತ್ತದೆ. ಅಲ್ಲಿ ಇನ್ನೊಂದು ವಿಷಯವೂ ಇದೆ. ಟ್ಯಾಗ್ ಅಂಟಿಸಿದರೆ ಸಾಲದು, ಬಿಲ್ಲಿಂಗ್ ಪುಟಕ್ಕೆ ಹೋಗಿ ಅದನ್ನು ಖರ್ಚಿನ ಲೆಕ್ಕಕ್ಕೆ ಬಳಸು ಅಂತ ಪ್ರತ್ಯೇಕವಾಗಿ ಆನ್ ಮಾಡಬೇಕು. ಇದನ್ನು ಮರೆತು ತಿಂಗಳ ಕೊನೆಗೆ ಖಾಲಿ ವರದಿ ನೋಡಿ ತಲೆ ಕೆರೆದುಕೊಳ್ಳುವವರು ತುಂಬಾ ಜನ. ಟ್ಯಾಗ್ ಇಲ್ಲದ ಸರ್ವರ್ ಹುಟ್ಟಲೇಬಾರದು ಅನ್ನುವ ನಿಯಮವನ್ನು ಕ್ಲೌಡ್‌ನಲ್ಲೇ ಹಾಕಬಹುದು. ಮೊದಲ ತಿಂಗಳು ಬರೀ ಎಚ್ಚರಿಕೆ ಕೊಡಲಿ, ಎರಡನೇ ತಿಂಗಳಿಂದ ತಡೆಯಲಿ.

ಟ್ಯಾಗ್ ಹಾಕುವಾಗ ಅನಾಥ ಡಿಸ್ಕುಗಳು ಸಿಗುತ್ತವೆ. ಸರ್ವರ್ ಅಳಿಸಿದರೂ ಅದರ ಡಿಸ್ಕ್ ಕೆಲವೊಮ್ಮೆ ಉಳಿದುಬಿಡುತ್ತದೆ, ಅದಕ್ಕೆ ಬಾಡಿಗೆ ಓಡುತ್ತಲೇ ಇರುತ್ತದೆ. ಹಳೆಯ ಸ್ನ್ಯಾಪ್‌ಶಾಟ್‌ಗಳೂ, ಅಂದರೆ ಡಿಸ್ಕಿನ ಆ ಕ್ಷಣದ ನಕಲುಗಳೂ, ಅಷ್ಟೇ. ಇಂಟರ್ನೆಟ್ ವಿಳಾಸಗಳನ್ನೂ ನೋಡಿ. 2024ರ ಫೆಬ್ರವರಿ 1ರಿಂದ ಅಮೆಜಾನ್ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್ ಹಾಕುತ್ತಿದೆ. ಬಳಕೆಯಲ್ಲಿರುವ ವಿಳಾಸಕ್ಕೂ ಕೊಡಬೇಕು. ಒಂದು ವಿಳಾಸಕ್ಕೆ ತಿಂಗಳಿಗೆ ಸುಮಾರು 3.65 ಡಾಲರ್. ಚಿಲ್ಲರೆ ಅನಿಸುತ್ತದೆ. ಸಾವಿರ ವಿಳಾಸ ಇರುವ ಕಂಪನಿಗೆ ಅದು ವರ್ಷಕ್ಕೆ 43,000 ಡಾಲರ್ ದಾಟುತ್ತದೆ.

ದೊಡ್ಡ ಎಚ್ಚರಿಕೆ: ಬಜೆಟ್ ಅಲಾರಂ ಖರ್ಚನ್ನು ನಿಲ್ಲಿಸುವುದಿಲ್ಲ. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೂರರಲ್ಲೂ ನೀವು ಬಜೆಟ್ ಹಾಕಿದರೆ ಮಿತಿ ದಾಟಿದಾಗ ಇಮೇಲ್ ಬರುತ್ತದೆ, ಅಷ್ಟೇ. ಸರ್ವರ್ ಓಡುತ್ತಲೇ ಇರುತ್ತದೆ. ನಿಲ್ಲಿಸಬೇಕಿದ್ದರೆ ಅದಕ್ಕೆ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು. ಇದರ ಜೊತೆಗೆ ಲೆಕ್ಕವೂ ತಡವಾಗಿ ಬರುತ್ತದೆ, ಗಂಟೆಗಟ್ಟಲೆ. ಶುಕ್ರವಾರ ಸಂಜೆ ಯಾರೋ ದೊಡ್ಡ ಸರ್ವರ್ ಆನ್ ಮಾಡಿ ಮನೆಗೆ ಹೋದರೆ, ಇಮೇಲ್ ಬಂದರೂ ನೋಡುವವರು ಸೋಮವಾರವೇ. ಅಲಾರಂ 50, 80, 100 ಶೇಕಡಾಕ್ಕೆ ಇಡಿ, ಮತ್ತು ಅದು ರಜೆಯ ದಿನವೂ ಡ್ಯೂಟಿಯಲ್ಲಿರುವವರ ಫೋನಿಗೆ ಹೋಗಲಿ.

ಹಂತ 5: ಮೊದಲು ತೋರಿಸಿ, ವಸೂಲಿ ಆಮೇಲೆ

ಐಟಿ ಎಷ್ಟೇ ಜಾಗ್ರತೆ ಮಾಡಿದರೂ, ಕೇಳುವ ವಿಭಾಗಗಳಿಗೆ ಬೆಲೆ ಗೊತ್ತಿಲ್ಲದಿದ್ದರೆ ಖರ್ಚು ನಿಲ್ಲದು. ಇದಕ್ಕೆ ಎರಡು ಪದ್ಧತಿ ಇವೆ. ಶೋಬ್ಯಾಕ್ ಅಂದರೆ "ನಿಮ್ಮ ವಿಭಾಗ ಈ ತಿಂಗಳು ಇಷ್ಟು ಬಳಸಿದೆ" ಅಂತ ಲೆಕ್ಕ ತೋರಿಸುವುದು, ದುಡ್ಡು ಕೇಳುವುದಿಲ್ಲ. ಚಾರ್ಜ್‌ಬ್ಯಾಕ್ ಅಂದರೆ ಆ ಮೊತ್ತವನ್ನು ಅವರ ಬಜೆಟ್ಟಿನಿಂದಲೇ ಕಳೆಯುವುದು.

ನನ್ನ ಅಭಿಪ್ರಾಯ ಖಚಿತ: ಎರಡು ತ್ರೈಮಾಸಿಕವಾದರೂ ಬರೀ ಶೋಬ್ಯಾಕ್ ನಡೆಸಿ. ಮೊದಲ ವರದಿಗಳಲ್ಲಿ ತಪ್ಪು ಇದ್ದೇ ಇರುತ್ತದೆ. ಮಾರಾಟದವರ ಲೆಕ್ಕದಲ್ಲಿ ಉತ್ಪಾದನೆಯವರ ಡೇಟಾಬೇಸ್ ಕೂತಿರುತ್ತದೆ. ದುಡ್ಡು ಕಳೆಯದೇ ಇದ್ದರೆ ಅದು ನಗುತ್ತಾ ಸರಿಪಡಿಸುವ ತಪ್ಪು. ಕಳೆದ ಮೇಲೆ ಜಗಳ. ಸಣ್ಣ ಕಂಪನಿಗಳಿಗೆ ಶೋಬ್ಯಾಕ್ ಅಷ್ಟೇ ಸಾಕು, ಚಾರ್ಜ್‌ಬ್ಯಾಕಿನ ಕಾಗದ ಪತ್ರದ ಕೆಲಸವೇ ಉಳಿತಾಯಕ್ಕಿಂತ ಜಾಸ್ತಿ ಆಗುತ್ತದೆ.

ವರದಿಯನ್ನು ಓದುವವರ ಭಾಷೆಯಲ್ಲಿ ಕೊಡಿ. "ಸಂಗ್ರಹಣೆ 40 ಟೆರಾಬೈಟ್" ಅಂದರೆ ಮಾರಾಟದ ಮುಖ್ಯಸ್ಥರಿಗೆ ಏನೂ ಹೊಳೆಯುವುದಿಲ್ಲ. "ಒಂದು ಆರ್ಡರ್ ಪೂರೈಸುವುದಕ್ಕೆ ಐಟಿ ಖರ್ಚು ಇಷ್ಟು, ಹೋದ ತಿಂಗಳು ಇಷ್ಟಿತ್ತು" ಅಂದರೆ ಥಟ್ಟನೆ ಅರ್ಥವಾಗುತ್ತದೆ. ಇದಕ್ಕೆ ಘಟಕ ವೆಚ್ಚ ಅನ್ನುತ್ತಾರೆ. ಒಟ್ಟು ಬಿಲ್ಲು ಏರಿದರೂ ಘಟಕ ವೆಚ್ಚ ಇಳಿದಿದ್ದರೆ ವ್ಯಾಪಾರ ಬೆಳೆದಿದೆ ಅಂತ ಅರ್ಥ, ಗಾಬರಿ ಬೇಡ.

ಎಲ್ಲರಿಗೂ ಸೇರಿದ ಖರ್ಚು ಹಂಚುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನೆಟ್‌ವರ್ಕ್, ಹೆಲ್ಪ್‌ಡೆಸ್ಕ್ ಇವನ್ನು ತಲೆ ಎಣಿಕೆಯ ಮೇಲೆ ಹಂಚಿದರೆ ಸಾಕಷ್ಟು ನ್ಯಾಯವಾಗಿರುತ್ತದೆ. ಆದರೆ ಬ್ಯಾಕಪ್ ಮತ್ತು ಭದ್ರತೆಯನ್ನು ಯಾವತ್ತೂ ಬಳಕೆಯ ಮೇಲೆ ವಸೂಲಿ ಮಾಡಬೇಡಿ. ಹಾಗೆ ಮಾಡಿದರೆ ದುಡ್ಡು ಉಳಿಸಲು ಯಾವುದೋ ವಿಭಾಗ ಬ್ಯಾಕಪ್ಪನ್ನೇ ಬೇಡ ಅನ್ನುತ್ತದೆ. ಅದರ ನಷ್ಟ ಇಡೀ ಕಂಪನಿಗೆ.

ಎರಡು ಮೂರು ಕ್ಲೌಡ್ ಇರುವವರಿಗೆ ಒಂದು ಮಾತು. ಒಬ್ಬೊಬ್ಬರ ಬಿಲ್ಲಿನ ನಮೂನೆ ಒಂದೊಂದು ಥರ. ಕ್ಲೌಡ್ ಖರ್ಚಿನ ನಿರ್ವಹಣೆಗೆಂದೇ 2019ರಲ್ಲಿ ಶುರುವಾದ ಫಿನ್‌ಆಪ್ಸ್ ಫೌಂಡೇಶನ್ ಫೋಕಸ್ ಎಂಬ ಸಾಮಾನ್ಯ ನಮೂನೆ ತಯಾರಿಸಿದೆ, ಅದರ 1.0 ಆವೃತ್ತಿ 2024ರಲ್ಲಿ ಬಂತು. ದೊಡ್ಡ ಕ್ಲೌಡ್ ಕಂಪನಿಗಳು ಆ ನಮೂನೆಯಲ್ಲೂ ಬಿಲ್ಲಿನ ಮಾಹಿತಿ ಕೊಡುತ್ತವೆ. ಅದನ್ನೇ ಕೇಳಿ ಪಡೆಯಿರಿ, ಕೈಯಲ್ಲಿ ಜೋಡಿಸುವ ಕೆಲಸ ತಪ್ಪುತ್ತದೆ.

ಹಂತ 6: ಉಳಿಸಿದ ದುಡ್ಡು ಯಾರದು, ಮೊದಲೇ ಇತ್ಯರ್ಥ ಮಾಡಿ

ಇದು ಇಡೀ ಕೆಲಸದ ಜೀವಾಳ. ಆದರೂ ಜನ ಇದನ್ನೇ ಬಿಟ್ಟುಬಿಡುತ್ತಾರೆ. ವರ್ಷದ ಕೊನೆಗೆ ಉಳಿದದ್ದನ್ನೆಲ್ಲ ಫೈನಾನ್ಸ್ ವಾಪಸ್ ತೆಗೆದುಕೊಂಡು, ಮುಂದಿನ ವರ್ಷದ ಬಜೆಟ್ಟನ್ನೂ ಅಷ್ಟೇ ಕಡಿತ ಮಾಡಿದರೆ ಐಟಿ ಯಾಕೆ ಉಳಿಸಬೇಕು? ಕೊನೆಯ ತಿಂಗಳಲ್ಲಿ ಬೇಕೋ ಬೇಡವೋ ಲ್ಯಾಪ್‌ಟಾಪ್ ತರಿಸಿ ಬಜೆಟ್ ಖಾಲಿ ಮಾಡುತ್ತಾರೆ. ಅದು ಅವರ ತಪ್ಪಲ್ಲ, ನಿಯಮದ ತಪ್ಪು.

ಇದಕ್ಕೆ ಗಟ್ಟಿ ಆಧಾರ ಇದೆ. ಅಮೆರಿಕದ ಕೇಂದ್ರ ಸರ್ಕಾರದ ಖರೀದಿಗಳ ಮೇಲೆ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹಣಕಾಸು ವರ್ಷದ ಕೊನೆಯ ವಾರದಲ್ಲಿ ಆದ ಖರೀದಿ, ಉಳಿದ ವಾರಗಳ ಸರಾಸರಿಗಿಂತ 4.9 ಪಟ್ಟು ಇತ್ತು. ಆ ಕೊನೆಯ ವಾರದಲ್ಲಿ ಮಂಜೂರಾದ ಐಟಿ ಯೋಜನೆಗಳ ಗುಣಮಟ್ಟದ ಅಂಕಗಳೂ ಕಡಿಮೆ ಇದ್ದವು. ಒಂದು ಇಲಾಖೆ ಮಾತ್ರ ಬೇರೆ. ಅಲ್ಲಿನ ನ್ಯಾಯ ಇಲಾಖೆಗೆ ಉಳಿದ ದುಡ್ಡನ್ನು ಮುಂದಿನ ಐಟಿ ಅಗತ್ಯಗಳಿಗೆ ಇಟ್ಟುಕೊಳ್ಳುವ ವಿಶೇಷ ಅವಕಾಶ ಇದೆ. ಅದರ ಐಟಿ ಯೋಜನೆಗಳಲ್ಲಿ ಈ ಕೊನೆಯ ವಾರದ ಗುಣಮಟ್ಟದ ಕುಸಿತ ಕಾಣಲಿಲ್ಲ.

ಹಾಗಾಗಿ ಹಂತ 3ರ ಕಾಗದದಲ್ಲೇ ಒಂದು ಸಾಲು ಸೇರಿಸಿ: ಉಳಿದ ದುಡ್ಡಿನ ಇಂತಿಷ್ಟು ಭಾಗ ಐಟಿ ಬಳಿಯೇ ಉಳಿಯುತ್ತದೆ, ಮುಂದಿನ ವರ್ಷ ಬಳಸಬಹುದು. ಅರ್ಧ ಅರ್ಧ ಅನ್ನುವುದು ಇಬ್ಬರೂ ಒಪ್ಪುವ ಆರಂಭ. ಕಂಪನಿಯ ಲೆಕ್ಕದಲ್ಲಿ ದುಡ್ಡನ್ನೇ ಮುಂದಕ್ಕೆ ಒಯ್ಯಲು ಆಗದಿದ್ದರೆ, ಮುಂದಿನ ವರ್ಷದ ಬಜೆಟ್ಟಿನಲ್ಲಿ ಅಷ್ಟು ಹೆಚ್ಚುವರಿ ಕೊಡುವ ಮಾತು ಬರೆದುಕೊಡಿ.

ಉಳಿತಾಯ ಅಂದರೆ ಏನು ಅನ್ನುವುದನ್ನೂ ಬರೆಯಬೇಕು. ತಡವಾದ ಯೋಜನೆಯಿಂದ ಖರ್ಚಾಗದೆ ಉಳಿದದ್ದು ಉಳಿತಾಯವಲ್ಲ, ಅದು ಮುಂದಿನ ವರ್ಷ ಕಟ್ಟಬೇಕಾದ ದುಡ್ಡು. ವೆಂಡರ್ ಹೇಳಿದ ಬೆಲೆಯಿಂದ ಚೌಕಾಸಿ ಮಾಡಿ ಇಳಿಸಿದ್ದೂ ಪೂರ್ತಿ ಉಳಿತಾಯ ಆಗದು, ಮೊದಲ ಬೆಲೆಯನ್ನು ಅವರು ಹೇಗಿದ್ದರೂ ಏರಿಸಿಯೇ ಹೇಳಿರುತ್ತಾರೆ. ಹೋದ ವರ್ಷ ಕಟ್ಟಿದ್ದಕ್ಕಿಂತ, ಅದೇ ಕೆಲಸಕ್ಕೆ, ಈ ವರ್ಷ ಎಷ್ಟು ಕಡಿಮೆ ಕಟ್ಟಿದಿರಿ ಅನ್ನುವುದೊಂದೇ ಲೆಕ್ಕಕ್ಕೆ ಬರಲಿ.

ಹಂತ 7: ಮೊದಲು ಆಫ್ ಮಾಡಿ, ಆಮೇಲೆ ಮಾತು ಕೊಡಿ

ಪರೀಕ್ಷೆಗೆ ಇಟ್ಟ ಸರ್ವರ್‌ಗಳಿಂದ ಶುರು ಮಾಡಿ. ವಾರಕ್ಕೆ 168 ಗಂಟೆ. ನಿಮ್ಮ ತಂಡ ದಿನಕ್ಕೆ 10 ಗಂಟೆ, ವಾರಕ್ಕೆ ಐದು ದಿನ ಅವನ್ನು ಬಳಸಿದರೆ ಒಟ್ಟು 50 ಗಂಟೆ. ಉಳಿದ 118 ಗಂಟೆ ಅವು ಸುಮ್ನೆ ಓಡುತ್ತಿರುತ್ತವೆ. ರಾತ್ರಿ ಮತ್ತು ವಾರಾಂತ್ಯ ತಾನಾಗಿ ಆಫ್ ಆಗುವ ಹಾಗೆ ವೇಳಾಪಟ್ಟಿ ಹಾಕಿದರೆ ಗಂಟೆ ಲೆಕ್ಕದ ಬಾಡಿಗೆ ಸುಮಾರು 70 ಶೇಕಡಾ ಇಳಿಯುತ್ತದೆ. ಡಿಸ್ಕಿನ ಬಾಡಿಗೆ ಮಾತ್ರ ಮುಂದುವರಿಯುತ್ತದೆ.

ಇದಾದ ಮೇಲೆ ಮುಂಗಡ ಒಪ್ಪಂದ. ಒಂದು ಅಥವಾ ಮೂರು ವರ್ಷ ಇಷ್ಟು ಬಳಸುತ್ತೇವೆ ಅಂತ ಮಾತು ಕೊಟ್ಟರೆ ಕ್ಲೌಡ್ ಕಂಪನಿಗಳು ರಿಯಾಯಿತಿ ಕೊಡುತ್ತವೆ. ಅಮೆಜಾನ್‌ನ ಸೇವಿಂಗ್ಸ್ ಪ್ಲ್ಯಾನ್‌ನಲ್ಲಿ ಇದು 72 ಶೇಕಡಾವರೆಗೂ ಇದೆ, ಅದು ಗರಿಷ್ಠ, ಎಲ್ಲರಿಗೂ ಸಿಗುವುದಲ್ಲ. ಕ್ರಮ ಉಲ್ಟಾ ಮಾಡಬೇಡಿ. ಆಫ್ ಮಾಡಬಹುದಾದ ಸರ್ವರ್‌ಗಳನ್ನೂ ಸೇರಿಸಿ ಮಾತು ಕೊಟ್ಟರೆ, ಮೂರು ವರ್ಷ ಬೇಡದ್ದಕ್ಕೂ ದುಡ್ಡು ಕಟ್ಟುತ್ತೀರಿ. ನಿಮ್ಮ ಅತಿ ಕಡಿಮೆ ಬಳಕೆಯ ದಿನ ಎಷ್ಟಿತ್ತೋ ಅದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿ. ಇಂಥ ಒಪ್ಪಂದ ತಿಂಗಳ ಲೆಕ್ಕದಲ್ಲಿ ಚಿಕ್ಕದಾಗಿ ಕಂಡರೂ ಹಂತ 3ರ ಪ್ರಕಾರ ದೊಡ್ಡ ಸಹಿ ಬೇಕಾಗುವಂಥದ್ದು.

ಹಂತ 8: ಗೊತ್ತಿರುವ ತಾರೀಖುಗಳು, ಗೊತ್ತಿಲ್ಲದ ಬೆಲೆಗಳು

ಅಧಿಕಾರ ಕೈಗೆ ಬಂದ ಮೇಲೆ "ಇದು ಬರುತ್ತದೆ ಅಂತ ಗೊತ್ತಿರಲಿಲ್ಲ" ಅನ್ನುವ ಹಾಗಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಅನ್ನುವುದು ವರ್ಷಗಳ ಮುಂಚೆಯೇ ತಿಳಿದಿತ್ತು. ಆದರೂ ಬಜೆಟ್ಟಿನಲ್ಲಿ ಇಡದವರಿಗೆ ಉಳಿದ ದಾರಿ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಳ್ಳುವುದು. ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಇಟ್ಟ ಬೆಲೆ ಮೊದಲ ವರ್ಷ ಒಂದು ಕಂಪ್ಯೂಟರಿಗೆ 61 ಡಾಲರ್, ಆಮೇಲೆ ವರ್ಷ ವರ್ಷ ದುಪ್ಪಟ್ಟು, ಹೆಚ್ಚೆಂದರೆ ಮೂರು ವರ್ಷ. ಮೂರೂ ವರ್ಷಕ್ಕೆ 427 ಡಾಲರ್. ಮೊದಲ ವರ್ಷ ಬಿಟ್ಟು ಎರಡನೆಯದಕ್ಕೆ ಸೇರಿದರೆ ಮೊದಲ ವರ್ಷದ್ದನ್ನೂ ಕಟ್ಟಬೇಕು. 500 ಕಂಪ್ಯೂಟರಿಗೆ ಲೆಕ್ಕ ಹಾಕಿ ನೋಡಿ.

ನಿಮ್ಮಲ್ಲಿರುವ ಪ್ರತಿ ಸಾಫ್ಟ್‌ವೇರ್, ನೆಟ್‌ವರ್ಕ್ ಸ್ವಿಚ್, ಫೈರ್‌ವಾಲ್‌ಗೂ ಬೆಂಬಲ ಮುಗಿಯುವ ತಾರೀಖು ಹುಡುಕಿ, ಮೂರು ವರ್ಷದ ಪಟ್ಟಿ ಮಾಡಿ. ಒಂದು ದಿನದ ಕೆಲಸ ಇದು.

ಬೆಲೆ ಬದಲಾಗುವುದನ್ನು ಮಾತ್ರ ಯಾರೂ ಊಹಿಸಲು ಆಗದು. 2023ರ ಜನವರಿಯಲ್ಲಿ ಒರಾಕಲ್ ಕಂಪನಿ ಜಾವಾ ಎಂಬ ತನ್ನ ಪ್ರೋಗ್ರಾಮಿಂಗ್ ಸಾಫ್ಟ್‌ವೇರಿನ ಸಬ್‌ಸ್ಕ್ರಿಪ್ಷನ್ ಲೆಕ್ಕವನ್ನು ಕಂಪನಿಯ ಒಟ್ಟು ನೌಕರರ ಸಂಖ್ಯೆಗೆ ಬದಲಾಯಿಸಿತು, ಜಾವಾ ಬಳಸುವವರು ಹತ್ತೇ ಜನ ಇದ್ದರೂ. ಅದೇ ವರ್ಷದ ನವೆಂಬರಿನಲ್ಲಿ ಒಂದು ಸರ್ವರಿನಲ್ಲಿ ಹಲವು ಸರ್ವರ್ ಓಡಿಸುವ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಕಂಪನಿಯನ್ನು ಕೊಂಡ ಬ್ರಾಡ್‌ಕಾಮ್, ಡಿಸೆಂಬರಿನಲ್ಲೇ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿ ಎಲ್ಲವನ್ನೂ ಸಬ್‌ಸ್ಕ್ರಿಪ್ಷನ್ ಮಾಡಿತು. ಹೀಗಾದಾಗ ಐಟಿ ಮುಖ್ಯಸ್ಥರನ್ನು ದೂರಿ ಫಲವಿಲ್ಲ. ಅದಕ್ಕೆಂದೇ ಬಜೆಟ್ಟಿನ ಒಂದು ಪಾಲನ್ನು ಮೀಸಲು ಇಡಿ, ಮತ್ತು ಅದನ್ನು ತೆಗೆಯುವುದಕ್ಕೆ ಐಟಿ ಹಾಗೂ ಫೈನಾನ್ಸ್ ಇಬ್ಬರ ಸಹಿಯೂ ಬೇಕು ಅಂತ ಬರೆಯಿರಿ. ಪ್ರತಿ ದೊಡ್ಡ ವೆಂಡರಿಗೂ ಬದಲಿ ಯಾವುದು, ಅಲ್ಲಿಗೆ ಹೋಗಲು ಎಷ್ಟು ತಿಂಗಳು ಬೇಕು ಅನ್ನುವ ಟಿಪ್ಪಣಿಯೂ ಇರಲಿ. ಉದಾಹರಣೆಗೆ ಜಾವಾಕ್ಕೆ ಉಚಿತ ಓಪನ್‌ಜೆಡಿಕೆ ಇದೆ. ಬದಲಿ ಕೈಯಲ್ಲಿ ಇರುವವರ ಜೊತೆ ವೆಂಡರ್ ಮಾತಾಡುವ ರೀತಿಯೇ ಬೇರೆ.

ಹಂತ 9: ತಿಂಗಳಿಗೊಂದು ಗಂಟೆ

ತಿಂಗಳ ಲೆಕ್ಕ ಮುಗಿದ ಮೇಲೆ ಐಟಿ ಮುಖ್ಯಸ್ಥರು ಮತ್ತು ಫೈನಾನ್ಸ್‌ನವರು ಒಂದು ಗಂಟೆ ಕೂರಿ. ಬಜೆಟ್ಟಿನಲ್ಲಿ ಹೇಳಿದ್ದಕ್ಕಿಂತ 10 ಶೇಕಡಾಕ್ಕೂ ಹೆಚ್ಚು ವ್ಯತ್ಯಾಸ ಬಂದ ಸಾಲುಗಳನ್ನಷ್ಟೇ ನೋಡಿ, ಕಡಿಮೆ ಖರ್ಚಾಗಿದ್ದರೂ. ಕಡಿಮೆಯಾದದ್ದೂ ಏನೋ ಹೇಳುತ್ತಿರುತ್ತದೆ, ಬಹುಶಃ ಬಿಲ್ಲೇ ಬಂದಿಲ್ಲ. ಪ್ರತಿ ಮೌಸ್, ಕೇಬಲ್ಲಿಗೂ ಯಾಕೆ ಅಂತ ಕೇಳಲು ಶುರು ಮಾಡಿದರೆ ಹಂತ 3ರಲ್ಲಿ ಕೊಟ್ಟ ಅಧಿಕಾರವನ್ನು ವಾಪಸ್ ಕಿತ್ತುಕೊಂಡ ಹಾಗೆ.

ಮೊದಲ ವರ್ಷದಲ್ಲಿ ಒಂದಾದರೂ ತ್ರೈಮಾಸಿಕ ಬಜೆಟ್ ಮೀರುತ್ತದೆ. ಫೈನಾನ್ಸ್‌ನಲ್ಲಿರುವ ಓದುಗರಲ್ಲಿ ನನ್ನ ಮನವಿ ಇಷ್ಟೇ, ಆಗ ಅಧಿಕಾರ ಹಿಂದಕ್ಕೆ ಪಡೆಯಬೇಡಿ. ಯಾಕೆ ಮೀರಿತು, ಮುಂದಿನ ಮೂರು ತಿಂಗಳಲ್ಲಿ ಹೇಗೆ ಸರಿದೂಗಿಸುತ್ತೀರಿ ಅಂತ ಒಂದು ಪುಟ ಬರೆಸಿಕೊಳ್ಳಿ. ಒಮ್ಮೆ ಹಿಂದಕ್ಕೆ ಪಡೆದರೆ, ಮುಂದಿನ ಸಲ ಐಟಿಯವರು ಬಜೆಟ್ ಕೇಳುವಾಗಲೇ ಜಾಸ್ತಿ ಸೇರಿಸಿ ಕೇಳುತ್ತಾರೆ.

ಕೊನೆಗೆ, ಕಾಗದ ಬರೆಯುವಾಗ ಮರೆತುಹೋಗುವ ಎರಡು ವಿಷಯ. ಅಧಿಕಾರ ಹುದ್ದೆಯ ಹೆಸರಿನಲ್ಲಿ ಇರಲಿ, ವ್ಯಕ್ತಿಯ ಹೆಸರಿನಲ್ಲಿ ಬೇಡ. ಅವರು ರಜೆಯಲ್ಲಿದ್ದಾಗ ಯಾರು ಸಹಿ ಹಾಕಬೇಕು ಅನ್ನುವುದನ್ನೂ ಬರೆಯಿರಿ. ಮತ್ತೆ, ಕ್ಲೌಡ್‌ನ ಮುಖ್ಯ ಖಾತೆ ಹಾಗೂ ಡೊಮೈನ್ ಹೆಸರು (ಕಂಪನಿಯ ವೆಬ್‌ಸೈಟ್ ವಿಳಾಸ) ಯಾರ ಇಮೇಲಿನಲ್ಲಿ ನೋಂದಣಿ ಆಗಿದೆ ಅಂತ ಈ ವಾರವೇ ನೋಡಿ. ಯಾರೋ ಒಬ್ಬ ನೌಕರರ ಸ್ವಂತ ಇಮೇಲ್ ಅಥವಾ ಸ್ವಂತ ಕಾರ್ಡ್ ಅಲ್ಲಿದ್ದರೆ, ಮೇಲಿನ ಒಂಬತ್ತು ಹಂತಕ್ಕಿಂತ ಮುಂಚೆ ಅದನ್ನು ಕಂಪನಿಯ ಹೆಸರಿಗೆ ಬದಲಾಯಿಸಿ.